ಹಳೆಯ ಪೆಂಟಿಯಮ್ 3 ಯಂತ್ರಗಳಲ್ಲಿ ಯೂನಿಕ್ಸ್ ಕಲಿಸಬಹುದೇ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮಲ್ಲಿ 128 ಎಂಬಿ ರ‍್ಯಾಮ್ ಇರುವ ಎಂಟು ಪೆಂಟಿಯಮ್ 3 ಕಂಪ್ಯೂಟರ್‌ಗಳು ಮೂಲೆ ಸೇರಿವೆ. ಮಕ್ಕಳಿಗೆ ಸಿ ಭಾಷೆಯನ್ನೂ ಯೂನಿಕ್ಸ್ ಕಮಾಂಡ್‌ಗಳನ್ನೂ ಕಲಿಸುವ ಆಸೆಯಿಂದ ಈಚಿನ ಲಿನಕ್ಸ್ ಸಿಡಿಯೊಂದನ್ನು ಹಾಕಿದೆ. 64 ಬಿಟ್ ಪ್ರೊಸೆಸರ್ ಬೇಕೆಂದು ತೋರಿಸಿ ಅದು ಅಲ್ಲಿಯೇ ನಿಂತಿತು. ಇವನ್ನು ಗುಜರಿಗೆ ಕೊಡುವುದೊಂದೇ ದಾರಿಯೇ, ಸರ್?

ಉತ್ತರ: ದಯವಿಟ್ಟು ಕೊಡಬೇಡಿ, ಮೇಡಂ. ನಿಮ್ಮ ಉದ್ದೇಶಕ್ಕೆ ಈ ಯಂತ್ರಗಳು ಧಾರಾಳವಾಗಿ ಸಾಕು. ಲಿನಕ್ಸ್ ವಿತರಣೆಗಳು ಒಂದೊಂದಾಗಿ ನಿಮ್ಮವುಗಳಂಥ 32 ಬಿಟ್ ಪಿಸಿಗಳನ್ನು ಕೈಬಿಡುತ್ತಿವೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ. ಆದರೆ 1993ರಲ್ಲಿ ಆರಂಭವಾದ, ಯೂನಿಕ್ಸ್ ಬಳಗದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ನೆಟ್‌ಬಿಎಸ್‌ಡಿ, 2024ರ ತನ್ನ 10.0 ಆವೃತ್ತಿಯಲ್ಲೂ ಪೆಂಟಿಯಮ್‌ಗೂ ಹಿಂದಿನ 486 ಪ್ರೊಸೆಸರ್‌ವರೆಗಿನ ಯಂತ್ರಗಳನ್ನು ಉಳಿಸಿಕೊಂಡಿದೆ. ನಾನು ಅದನ್ನೇ ಸೂಚಿಸುತ್ತೇನೆ.

ಅದಕ್ಕೂ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಆ ಯಂತ್ರವನ್ನು ಪಕ್ಕಕ್ಕಿಡಿ. ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಎಲ್ಲದರಲ್ಲೂ ಬದಲಿಸಿ. ಅದು ಸತ್ತಿದ್ದರೆ ಗಡಿಯಾರ ಪ್ರತಿ ಸಲವೂ ಹಿಂದಕ್ಕೆ ಹೋಗುತ್ತದೆ, ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ತಿರಸ್ಕೃತವಾಗುವುದಲ್ಲದೆ, ಯಾವ ಕಡತ ಬದಲಾಗಿದೆಯೆಂದು ಸಮಯ ಹೋಲಿಸಿ ನೋಡಿ ಅಷ್ಟನ್ನೇ ಕಂಪೈಲ್ ಮಾಡಿಸುವ 'ಮೇಕ್' ಎಂಬ ಕಮಾಂಡ್ ಕೂಡ ದಾರಿ ತಪ್ಪುತ್ತದೆ. ಆ ಕಾಲದ ಹೆಚ್ಚಿನ ಬಯೋಸ್‌ಗಳು (ಯಂತ್ರವನ್ನು ಚಾಲೂ ಮಾಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲವಾದ್ದರಿಂದ ಸಿಡಿಯನ್ನೇ ಬಳಸಿ. ಇನ್‌ಸ್ಟಾಲ್ ಮಾಡುವಾಗ ಕಿಟಕಿ, ಚಿತ್ರಗಳ ಪರದೆಯನ್ನು ಕೊಡುವ 'ಎಕ್ಸ್' ಸೆಟ್‌ಗಳನ್ನು ಬಿಡಬಹುದು, ಆದರೆ 'ಕಾಂಪ್' ಸೆಟ್ಟನ್ನು ಬಿಡಬೇಡಿ. ಸಿ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಇರುವುದು ಅದರಲ್ಲಿಯೇ. ವಿಐ ಎಡಿಟರ್ ಮೂಲ ವ್ಯವಸ್ಥೆಯೊಂದಿಗೇ ಬರುತ್ತದೆ. ಇನ್ನೇನಾದರೂ ಬೇಕಾದರೆ 'ಪಿಕೆಜಿಇನ್' (pkgin) ಎಂಬ ಕಮಾಂಡ್ ಮೂಲಕ ಸಿದ್ಧ ಪ್ಯಾಕೇಜನ್ನೇ ತರಿಸಿಕೊಳ್ಳಿ, ಏಕೆಂದರೆ ದೊಡ್ಡ ತಂತ್ರಾಂಶವನ್ನು ಈ ಯಂತ್ರದಲ್ಲೇ ಕಂಪೈಲ್ ಮಾಡಲು ಹೊರಟರೆ ದಿನಗಳೇ ಹಿಡಿಯಬಹುದು.

ಮರುಪ್ರಶ್ನೆ: ಧನ್ಯವಾದಗಳು, ಸರ್. ಇವುಗಳಲ್ಲಿ ಕನ್ನಡ ಓದಲು, ಇಂಟರ್ನೆಟ್ ನೋಡಲು ಆಗುವುದೇ?

ಉತ್ತರ: ಇಂಟರ್ನೆಟ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಈಗಿನ ಫೈರ್‌ಫಾಕ್ಸ್ ಬ್ರೌಸರ್‌ಗೆ ಪ್ರೊಸೆಸರ್‌ನೊಳಗೇ ಇರಬೇಕಾದ ಎಸ್‌ಎಸ್‌ಇ2 ಎಂಬ ಸೂಚನೆಗಳು ಬೇಕು. ಅವು ಪೆಂಟಿಯಮ್ 4ರಿಂದ ಬಂದವು, ನಿಮ್ಮ ಪ್ರೊಸೆಸರ್‌ನಲ್ಲಿಲ್ಲ. ಎಷ್ಟೇ ರ‍್ಯಾಮ್ ಸೇರಿಸಿದರೂ ಆ ಕೊರತೆ ತುಂಬುವುದಿಲ್ಲ. ಕನ್ನಡದ ಮಾತು ಬೇರೆ. ಎಕ್ಸ್ ಇಲ್ಲದ ಬರಿಯ ಅಕ್ಷರದ ಪರದೆಯಲ್ಲಿ (ಕನ್ಸೋಲಿನಲ್ಲಿ) ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ; ಎಕ್ಸ್ ಹಾಕಿ, ಕನ್ನಡ ಫಾಂಟ್ ಸೇರಿಸಿ, ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುವ ಸರಳ ಎಡಿಟರ್ ಒಂದನ್ನು ತೆರೆದರೆ ಅಕ್ಷರಗಳು ಸರಿಯಾಗಿ ಮೂಡುತ್ತವೆ. ಕೆಪಾಸಿಟರ್ ಕೆಟ್ಟು ಪಕ್ಕಕ್ಕಿಟ್ಟ ಯಂತ್ರವೇನಾದರೂ ಇದ್ದರೆ, ಅದರ ರ‍್ಯಾಮ್ ತೆಗೆದು ಇನ್ನೊಂದಕ್ಕೆ ಹಾಕಿ 256 ಎಂಬಿ ಮಾಡಿ, ಕನ್ನಡದ ಕೆಲಸಕ್ಕೆ ಅದನ್ನೇ ಮೀಸಲಿಡಿ.