ಬೈಕಿನ ಕ್ರೂಸ್ ಕಂಟ್ರೋಲ್ ತಾನಾಗೇ ಬಿಟ್ಟುಕೊಳ್ಳುತ್ತಿದೆ, ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ. ಎಲ್ಲಿಂದ ಹುಡುಕಬೇಕು?

ತುಮಕೂರು ಟೂರರ್:
ತಲೆ ಕೆಟ್ಟು ಹೋಗಿದೆ ಗೆಳೆಯರೇ. ನನ್ನದು ರೈಡ್ ಬೈ ವೈರ್ (ಥ್ರಾಟಲ್‌ಗೆ ಕೇಬಲ್ ಬದಲು ಎಲೆಕ್ಟ್ರಾನಿಕ್ ಸಿಗ್ನಲ್) ಇರುವ ಅಡ್ವೆಂಚರ್ ಬೈಕ್, ಕ್ರೂಸ್ ಕಂಟ್ರೋಲ್ (ಸೆಟ್ ಮಾಡಿದ ಸ್ಪೀಡನ್ನು ತಾನೇ ಹಿಡಿದಿಡುವ ವ್ಯವಸ್ಥೆ) ಕಂಪನಿಯಿಂದಲೇ ಬಂದಿದ್ದು. ಚಿತ್ರದುರ್ಗದ ಕಡೆ ಹೋಗುವಾಗ 75ಕ್ಕೆ ಸೆಟ್ ಮಾಡುತ್ತೇನೆ, ಸ್ವಲ್ಪ ದೂರ ಚೆನ್ನಾಗಿ ಹೋಗುತ್ತದೆ, ಆಮೇಲೆ ಫ್ಲೈಓವರ್ ಜಾಯಿಂಟ್ ಬಂದರೆ ಅಥವಾ ರಂಬಲ್ ಸ್ಟ್ರಿಪ್ ಮೇಲೆ ಹೋದರೆ ಪಟ್ ಅಂತ ಆಫ್. ರೆಸ್ಯೂಮ್ ಒತ್ತಿದರೆ ತಕ್ಷಣ ಮತ್ತೆ ಹಿಡಿಯುತ್ತದೆ. ಎಬಿಎಸ್ ಲೈಟ್ ಇಲ್ಲ, ಇಂಜಿನ್ ಲೈಟ್ ಇಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ "ಫಾಲ್ಟ್ ಕೋಡ್ ಏನೂ ಇಲ್ಲ ಸರ್" ಅಂದರು. ಆದರೂ ಕ್ರೂಸ್ ಬಟನ್ ಇರುವ ಎಡಗಡೆ ಸ್ವಿಚ್ ಸೆಟ್ ಪೂರ್ತಿ ಬದಲಾಯಿಸೋಣ ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೊರಗಡೆ ಹಾಕಿಸಿದ್ದು ಇಷ್ಟು: ಎರಡೂ ಕಡೆ ಶಾರ್ಟ್ ಲಿವರ್, ಎಲ್‌ಇಡಿ ಇಂಡಿಕೇಟರ್, ಫಾಗ್ ಲ್ಯಾಂಪ್, ದಪ್ಪ ಗ್ರಿಪ್ ಕವರ್.

ಮಲ್ನಾಡ್ ಮಳೆ:
ನಮ್ಮ ರೋಡಿಗೆ ಬೈಕಲ್ಲಿ ಕ್ರೂಸ್ ಯಾಕೆ ಮಾರಾಯ? ನಾಯಿ ಅಡ್ಡ ಬರುತ್ತದೆ, ಟ್ರ್ಯಾಕ್ಟರ್ ರಾಂಗ್ ಸೈಡಲ್ಲಿ ಬರುತ್ತದೆ. ಸರಿಯಾಗಿ ಕ್ರೂಸ್ ಹಾಕಬಹುದಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕನ್ನೇ ಬಿಡುವುದಿಲ್ಲ. ಅಷ್ಟೂ ಬೇಕು ಅಂದರೆ ರಬ್ಬರ್ ಥ್ರಾಟಲ್ ಲಾಕ್ ಹಾಕಿಕೋ, ಅಗ್ಗ.

ಮಸ್ಕತ್ ಕನ್ನಡಿಗ:
ಥ್ರಾಟಲ್ ಲಾಕ್ ಕ್ರೂಸ್ ಅಲ್ಲ ಅಣ್ಣ. ಅದು ಗ್ರಿಪ್ ಎಷ್ಟು ತಿರುಗಿದೆಯೋ ಅಷ್ಟಕ್ಕೇ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಏರಿನಲ್ಲಿ ಸ್ಪೀಡ್ ಇಳಿಯುತ್ತದೆ, ಇಳಿಜಾರಿನಲ್ಲಿ ಏರುತ್ತದೆ. ಮುಖ್ಯವಾಗಿ ಬ್ರೇಕ್ ಹಿಡಿದರೂ ಬಿಟ್ಟುಕೊಳ್ಳುವುದಿಲ್ಲ, ಕೈಯಲ್ಲೇ ತಿರುಗಿಸಿ ಬಿಡಿಸಬೇಕು. ನೀವು ಹೇಳಿದ ನಾಯಿ ಅಡ್ಡ ಬಂದಾಗ ಅದು ಇನ್ನೂ ಅಪಾಯ. ಉದ್ದ ರೈಡಿನಲ್ಲಿ ಬಲಗೈ ಮಣಿಕಟ್ಟು ಜೋಮು ಹಿಡಿಯುವವರಿಗೆ ಕ್ರೂಸ್ ಶೋಕಿ ಅಲ್ಲ.

ಸ್ಪ್ಯಾನರ್ ಸೀನ:
ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಒಂದು ಮಾತು ಹೇಳುತ್ತೇನೆ. ಕ್ರೂಸ್ ಬಿಟ್ಟುಕೊಂಡಿತು ಅಂದರೆ ಹತ್ತಕ್ಕೆ ಎಂಟು ಸಲ ಬ್ರೇಕ್ ಸ್ವಿಚ್. ಹಿಂದಿನ ಪೆಡಲ್ ಸ್ವಿಚ್‌ಗೆ ಕೆಸರು ಹೊಡೆದಿರುತ್ತದೆ, ಚೈನ್ ಲ್ಯೂಬ್ ಮೆತ್ತಿರುತ್ತದೆ, ವಾಟರ್ ವಾಶ್‌ನವನು ಜೆಟ್ ಬಿಟ್ಟಿರುತ್ತಾನೆ. ಸ್ವಿಚ್ ಸೆಟ್ ಬದಲಾಯಿಸಬೇಡಿ. ಬಟನ್ ಕೆಟ್ಟಿದ್ದರೆ ಸೆಟ್ಟೇ ಆಗುವುದಿಲ್ಲ, ರೆಸ್ಯೂಮ್ ಕೂಡ ಆಟ ಆಡಿಸುತ್ತದೆ. ನಿಮ್ಮದು ಒತ್ತಿದ ಕೂಡಲೇ ಹಿಡಿಯುತ್ತಿದೆ ಅಲ್ವಾ?

ವೋಲ್ಟ್‌ಮೀಟರ್:
ನನಗೆ ವೀಲ್ ಸ್ಪೀಡ್ ಸೆನ್ಸರ್ ಮೇಲೆ ಅನುಮಾನ. ಜಾಯಿಂಟ್ ಮೇಲೆ ಹಾರಿದಾಗ ಸೆನ್ಸರ್ ಸಿಗ್ನಲ್ ಒಂದು ಕ್ಷಣ ತಪ್ಪಬಹುದು. ಸೆನ್ಸರ್ ತುದಿಗೂ ಹಲ್ಲಿನ ರಿಂಗಿಗೂ ನಡುವೆ ಇರುವುದೇ ಒಂದು ಮಿಲಿಮೀಟರ್ ಆಸುಪಾಸು ಜಾಗ, ಅಲ್ಲಿ ಕಬ್ಬಿಣದ ಪುಡಿ ಸೇರಿಕೊಂಡಿರುತ್ತದೆ.

ಸ್ಪ್ಯಾನರ್ ಸೀನ:
ಎಬಿಎಸ್ ಓಡುವುದೂ ಅದೇ ಸೆನ್ಸರ್ ಮೇಲೆ, ಅದು ತಪ್ಪಿದರೆ ಎಬಿಎಸ್ ಲೈಟ್ ಸುಮ್ನೆ ಇರುತ್ತದಾ ಗುರು? ಅದು ಮೊದಲು ಕಿರುಚುತ್ತದೆ. ಒಂದು ಸಲ ಲೈಟ್ ಬಂದ ಮೇಲೆ ಎಷ್ಟೋ ಬೈಕ್‌ಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡುವವರೆಗೆ ಕ್ರೂಸ್ ಮತ್ತೆ ಹಿಡಿಯುವುದೇ ಇಲ್ಲ.

ವೋಲ್ಟ್‌ಮೀಟರ್:
ಹೌದು, ಆ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಕೋಡ್ ಯಾಕೆ ಬರಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಇಸಿಯುಗೆ (ಬೈಕಿನ ಇಂಜಿನ್ ಕಂಪ್ಯೂಟರ್) ಕ್ರೂಸ್ ಬಿಡು ಅಂತ ಹೇಳುವುದು ಮುಂದಿನ ಬ್ರೇಕ್ ಸ್ವಿಚ್, ಹಿಂದಿನ ಬ್ರೇಕ್ ಸ್ವಿಚ್, ಕ್ಲಚ್ ಸ್ವಿಚ್, ಮತ್ತೆ ಬಹಳಷ್ಟು ಬೈಕ್‌ಗಳಲ್ಲಿ ಥ್ರಾಟಲ್ ಗ್ರಿಪ್ಪನ್ನು ಸೊನ್ನೆಯಿಂದ ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳುವುದು. ಇವುಗಳಲ್ಲಿ ಯಾವುದೇ ಒಂದು ಕಣ್ಣು ಮಿಟುಕಿಸಿದರೂ ಇಸಿಯು "ಓಹೋ, ರೈಡರ್ ಬ್ರೇಕ್ ಹಿಡಿದ" ಅಂದುಕೊಂಡು ಬಿಟ್ಟುಬಿಡುತ್ತದೆ. ಅದರ ಪ್ರಕಾರ ಇದು ಫಾಲ್ಟೇ ಅಲ್ಲ, ಎಲ್ಲ ಸರಿಯಾಗಿ ನಡೆದಿದೆ. ಕೋಡ್ ಯಾಕೆ ಬರೆದಿಡುತ್ತದೆ? ಸ್ಕ್ಯಾನರ್‌ನಲ್ಲಿ ಕೋಡ್ ಹುಡುಕುವ ಬದಲು ಲೈವ್ ಡೇಟಾ (ಸ್ವಿಚ್, ಸೆನ್ಸರ್‌ಗಳ ಆ ಕ್ಷಣದ ಸ್ಥಿತಿ) ತೆಗೆದು, ಬ್ರೇಕ್ ಮುಟ್ಟದೇ ಹ್ಯಾಂಡಲ್ ಅಲ್ಲಾಡಿಸಿ, ಬ್ರೇಕ್ ಸ್ಟೇಟಸ್ ಬದಲಾಗುತ್ತದಾ ನೋಡಿ ಅಂತ ಅವರಿಗೆ ಹೇಳಬೇಕಿತ್ತು.

ಹೆಸರಲ್ಲೇನಿದೆ:
ಇಷ್ಟೆಲ್ಲಾ ಯಾಕೆ, ಹಿಂದಿನ ಬ್ರೇಕ್ ಸ್ವಿಚ್ ಕನೆಕ್ಟರ್ ಕಿತ್ತುಹಾಕಿ ಓಡಿಸಿ. ನನ್ನ ಫ್ರೆಂಡ್ ಹಾಗೇ ಮಾಡಿದ್ದಾನೆ, ಕ್ರೂಸ್ ಬಿಡುವುದೇ ಇಲ್ಲ ಈಗ.

ಸ್ಪ್ಯಾನರ್ ಸೀನ:
ಅಯ್ಯೋ ಪುಣ್ಯಾತ್ಮ, ಬಿಡುವುದೇ ಇಲ್ಲ ಅನ್ನುವುದೇ ಭಯ! ಕನೆಕ್ಟರ್ ಕಿತ್ತರೆ ಹಿಂದಿನ ಬ್ರೇಕ್ ತುಳಿದಾಗ ಬ್ರೇಕ್ ಲೈಟ್ ಬರುವುದಿಲ್ಲ, ಹಿಂದೆ ಬರುತ್ತಿರುವ ಲಾರಿಯವನಿಗೆ ಏನು ಗೊತ್ತಾಗಬೇಕು? ಕ್ರೂಸ್ ಕೂಡ ಬಿಡುವುದಿಲ್ಲ, ನೀವು ಬ್ರೇಕ್ ತುಳಿದಷ್ಟೂ ಅದು ಸ್ಪೀಡ್ ಇಳಿಯಿತು ಅಂತ ಥ್ರಾಟಲ್ ತೆರೆಯುತ್ತಾ ಹೋಗುತ್ತದೆ. ನಿಮ್ಮ ಫ್ರೆಂಡಿಗೆ ಇವತ್ತೇ ಫೋನ್ ಮಾಡಿ.

ಹೆಸರಲ್ಲೇನಿದೆ:
ಟೆಸ್ಟ್ ಮಾಡಲು ಮಾತ್ರ ಅಂದೆ ಅಣ್ಣ.

ವೋಲ್ಟ್‌ಮೀಟರ್:
ಟೆಸ್ಟಿಗೂ ಬೇಡ. ನಿಂತಲ್ಲೇ ನೋಡಬಹುದು. ರಾತ್ರಿ ಬೈಕಿನ ಹಿಂಭಾಗ ಗೋಡೆಗೆ ಮಾಡಿ ನಿಲ್ಲಿಸಿ, ಕೀ ಆನ್ ಮಾಡಿ, ಇಂಜಿನ್ ಬೇಡ. ಫೋನನ್ನು ಸ್ಲೋ ಮೋಷನ್‌ನಲ್ಲಿ ಇಟ್ಟು ಗೋಡೆ ಮೇಲೆ ಬೀಳುವ ಕೆಂಪು ಬೆಳಕನ್ನು ರೆಕಾರ್ಡ್ ಮಾಡಿ. ಸೀಟನ್ನು ಒತ್ತಿ ಬಿಡಿ, ಬ್ರೇಕ್ ಲಿವರ್ ತುದಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ, ಪೆಡಲ್ ಮೇಲೂ ಹಾಗೇ. ಕಣ್ಣಿಗೆ ಕಾಣದ ಮಿನುಗು ವಿಡಿಯೋದಲ್ಲಿ ಸಿಗುತ್ತದೆ. ಎಲ್‌ಇಡಿ ಎಷ್ಟು ಬೇಗ ಹತ್ತಿ ಆರುತ್ತದೆ ಅಂದರೆ ಬರಿಗಣ್ಣಿಗೆ ನಂಬಿಕೆ ಇಲ್ಲ.

ಮಸ್ಕತ್ ಕನ್ನಡಿಗ:
ಗ್ರಿಪ್ ಕವರ್ ಕೂಡ ನೋಡಿ. ದಪ್ಪ ಕವರ್ ಒಳಗಡೆ ಜಾಸ್ತಿ ತಳ್ಳಿದ್ದರೆ ಸ್ವಿಚ್ ಬಾಕ್ಸಿಗೆ ಉಜ್ಜುತ್ತದೆ, ಥ್ರಾಟಲ್ ಬಿಟ್ಟಾಗ ಟಕ್ ಅಂತ ಪೂರ್ತಿ ವಾಪಸ್ ಬರುವುದಿಲ್ಲ. ಜೊತೆಗೆ ಕ್ರೂಸ್‌ನಲ್ಲಿ ಹೋಗುವಾಗ ಅಂಗೈ ಭಾರ ಗ್ರಿಪ್ ಮೇಲೆ ಬಿಟ್ಟು, ಜಾಯಿಂಟ್ ಬಂದಾಗ ಗೊತ್ತಿಲ್ಲದೇ ಮುಂದಕ್ಕೆ ತಳ್ಳುವವರೂ ಇದ್ದಾರೆ. ಅದೂ ಕ್ಯಾನ್ಸಲ್ಲೇ.

ತುಮಕೂರು ಟೂರರ್:
ವಿಡಿಯೋ ಮಾಡಿದೆ ಸ್ವಾಮಿ! ಪೆಡಲ್ ಎಷ್ಟು ತಟ್ಟಿದರೂ ಏನಿಲ್ಲ. ಮುಂದಿನ ಬ್ರೇಕ್ ಲಿವರ್ ತುದಿಗೆ ಬೆರಳು ತಾಗಿದರೆ ಸಾಕು, ಗೋಡೆ ಮೇಲೆ ಬೆಳಕು ಮಿಣ್ ಮಿಣ್ ಅನ್ನುತ್ತದೆ. ಬರಿಗಣ್ಣಿಗೆ ಒಂದೆರಡು ಸಲ ಮಾತ್ರ ಕಂಡಿತು.

ಸ್ಪ್ಯಾನರ್ ಸೀನ:
ಸಿಕ್ಕಿತು ಕಳ್ಳ. ಶಾರ್ಟ್ ಲಿವರ್ ಬಿಚ್ಚಿ, ಹಳೇ ಲಿವರ್ ಪಕ್ಕ ಇಟ್ಟು ನೋಡಿ. ಪಿವೋಟ್ ಬೋಲ್ಟ್ ಹತ್ತಿರ ಒಂದು ಸಣ್ಣ ಮೂಗು ಇರುತ್ತದೆ, ಲಿವರ್ ಬಿಟ್ಟಿರುವಾಗ ಅದು ಮೈಕ್ರೋ ಸ್ವಿಚ್‌ನ ಗುಂಡಿಯನ್ನು ಒತ್ತಿ ಹಿಡಿದಿರಬೇಕು. ಬ್ರೇಕ್ ಹಿಡಿದಾಗ ಗುಂಡಿ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ. ಅಗ್ಗದ ಲಿವರ್‌ಗಳಲ್ಲಿ ಆ ಮೂಗು ಕೂದಲೆಳೆಯಷ್ಟು ಗಿಡ್ಡ ಇದ್ದರೂ ಗುಂಡಿ ಅರ್ಧಂಬರ್ಧ ನಿಂತಿರುತ್ತದೆ, ರೋಡ್ ಕುಲುಕಿದರೆ ಆನ್ ಆಫ್ ಆನ್ ಆಫ್.

ಮಲ್ನಾಡ್ ಮಳೆ:
ಅಂದರೆ ಇಷ್ಟು ದಿನ ಹೈವೇಯಲ್ಲಿ ಹಿಂದೆ ಬಂದವರಿಗೆಲ್ಲ ಸುಮ್ನೆ ಬ್ರೇಕ್ ಲೈಟ್ ಮಿನುಗಿಸಿಕೊಂಡು ಹೋಗಿದ್ದೀಯ ನೀನು. ಕ್ರೂಸ್‌ಗಿಂತ ಅದೇ ದೊಡ್ಡ ವಿಷಯ ಅಲ್ವಾ? ನನ್ನ ಅಭಿಪ್ರಾಯ ಬದಲಾಗಿಲ್ಲ ಮತ್ತೆ, ಮಳೆಯಲ್ಲಿ ಮಾತ್ರ ಕ್ರೂಸ್ ಮುಟ್ಟಬೇಡ.

ವೋಲ್ಟ್‌ಮೀಟರ್:
ಮಳೆ ವಿಷಯದಲ್ಲಿ ಮಲ್ನಾಡಿನವರ ಜೊತೆ ನಾನೂ ಇದ್ದೇನೆ. ಒದ್ದೆ ರೋಡಲ್ಲಿ ಹಿಂದಿನ ಚಕ್ರ ಜಾರಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಬೈಕ್ ಕ್ರೂಸ್ ಬಿಡಬಹುದು, ಇಲ್ಲದ ಬೈಕ್ ಬಿಡುವುದಿಲ್ಲ.

ತುಮಕೂರು ಟೂರರ್:
ಹಳೇ ಲಿವರ್ ಹಾಕಿದೆ, ಗೋಡೆ ಮೇಲೆ ಮಿನುಗು ನಿಂತಿದೆ. ಇವತ್ತು ಬೆಳಿಗ್ಗೆ ಶಿರಾವರೆಗೆ ಹೋಗಿ ಬಂದೆ, ಎಲ್ಲ ಜಾಯಿಂಟ್ ಮೇಲೂ ಹಿಡಿದುಕೊಂಡೇ ಇತ್ತು. ಸೀನಣ್ಣ, ಎಡಗಡೆ ಕ್ಲಚ್ ಲಿವರ್ ಕೂಡ ಅದೇ ಸೆಟ್ಟಿನದು, ಅದನ್ನೂ ತೆಗೆಯಬೇಕಾ?

ಸ್ಪ್ಯಾನರ್ ಸೀನ:
ಕ್ಲಚ್ ಸ್ವಿಚ್‌ಗೆ ಮಲ್ಟಿಮೀಟರ್ ಇಟ್ಟು ಲಿವರ್ ಅಲ್ಲಾಡಿಸಿ ನೋಡಿ, ಬೀಪ್ ತಪ್ಪಿ ತಪ್ಪಿ ಬಂದರೆ ತೆಗೆಯಿರಿ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಆ ಎಸ್ಟಿಮೇಟ್ ಮೊದಲು ಕ್ಯಾನ್ಸಲ್ ಮಾಡಿಸಿ, ಪಾರ್ಟ್ ಆರ್ಡರ್ ಆದ ಮೇಲೆ ಅಡ್ವಾನ್ಸ್ ವಾಪಸ್ ಕೊಡಲು ಸತಾಯಿಸುತ್ತಾರೆ.