ಕಾರ್ಡ್ ಉಜ್ಜಿದರೆ ಎರಡು ಪರ್ಸೆಂಟ್ ಜಾಸ್ತಿ: ಭಾನುವಾರ ಅಂಗಡಿಯವರ ಜೊತೆ ಮಾತಾಡೋಣವಾ?

3ನೇ ಕ್ರಾಸ್, ಮನೆ 18
ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಮೇನ್ ರೋಡಿನ ಒಂದು ಅಂಗಡಿಯಲ್ಲಿ ಫ್ರಿಜ್ ತೊಗೊಂಡೆ. ಚೌಕಾಸಿ ಮಾಡಿ ಮುಗಿಸಿದ ರೇಟು 38,000. ಕಾರ್ಡ್ ಕೈಗೆ ಕೊಟ್ಟ ಮೇಲೆ "ಸರ್, ಕಾರ್ಡಿಗೆ ಟೂ ಪರ್ಸೆಂಟ್ ಎಕ್ಸ್‌ಟ್ರಾ" ಅಂದರು. ಅಷ್ಟೊತ್ತಿಗೆ ಫ್ರಿಜ್ ಟೆಂಪೋ ಹತ್ತಿತ್ತು. ಸುಮ್ನೆ ಹೂಂ ಅಂದೆ. ಮನೆಗೆ ಬಂದು ನೋಡಿದರೆ ಬಿಲ್ಲಿನಲ್ಲಿ 38,000, ಮೆಷಿನ್ ಸ್ಲಿಪ್ಪಿನಲ್ಲಿ 38,760. ಆ 760 ಯಾವ ಲೆಕ್ಕಕ್ಕೆ ಅಂತ ಎಲ್ಲೂ ಬರೆದಿಲ್ಲ. ಇನ್ನೂ ಯಾರಿಗೆ ಹೀಗಾಗಿದೆ? ಒಬ್ಬೊಬ್ಬರೇ ಜಗಳ ಆಡುವ ಬದಲು ಒಟ್ಟಿಗೆ ಹೋಗಿ ಮಾತಾಡೋಣ.

7ನೇ ಕ್ರಾಸ್, ಮನೆ 4
ನನಗೂ ಆಗಿದೆ ಸರ್, ಪ್ಲೈವುಡ್ ಅಂಗಡಿಯಲ್ಲಿ. ನನ್ನದು ಡೆಬಿಟ್ ಕಾರ್ಡ್. ಅದಕ್ಕೂ ಎರಡು ಪರ್ಸೆಂಟ್!

2ನೇ ಕ್ರಾಸ್, ಮನೆ 31
ನಾನು ಬೇರೆ ಮಾತು ಹೇಳುತ್ತೇನೆ, ಬೈಬೇಡಿ. ನಾನು ಪೆನ್ಷನ್ ದುಡ್ಡು ಎಣಿಸಿ ನಗದು ಕೊಟ್ಟು ಸಾಮಾನು ತರುವವಳು. ಕಾರ್ಡಿಗೆ ಅಂತ ಬ್ಯಾಂಕು ಹಿಡಿಯುವ ಖರ್ಚನ್ನು ಅಂಗಡಿಯವರು ಎಲ್ಲರ ರೇಟಿಗೂ ಸೇರಿಸಿಬಿಟ್ಟರೆ ಅದು ನನ್ನ ತಲೆ ಮೇಲೂ ಬೀಳುತ್ತದೆ. ನಿಮಗೆ ಕಾರ್ಡಿನ ಮೇಲೆ ಸಿಗುವ ರಿವಾರ್ಡ್ ಪಾಯಿಂಟಿಗೆ, ಏರ್‌ಪೋರ್ಟ್ ಲೌಂಜಿನ ಇಡ್ಲಿಗೆ ನಾನ್ಯಾಕಪ್ಪಾ ದುಡ್ಡು ಕೊಡಲಿ?

3ನೇ ಕ್ರಾಸ್, ಮನೆ 18
ಆಂಟಿ, ಲೌಂಜಿನ ಇಡ್ಲಿ ನಾನಿನ್ನೂ ತಿಂದಿಲ್ಲ 😀 ಆದರೆ ನೀವು ಹೇಳಿದ್ದು ಸುಳ್ಳಲ್ಲ.

5ನೇ ಮೇನ್, ಮನೆ 9
ನಮ್ಮದೂ ಸಣ್ಣ ಮೊಬೈಲ್ ಅಂಗಡಿ ಇದೆ, ಆದ್ದರಿಂದ ಬಾಯಿ ಬಿಡುತ್ತಿದ್ದೇನೆ. ಹತ್ತು ಸಾವಿರದ ಫೋನ್ ಮಾರಿದರೆ ನನಗೆ ಮುನ್ನೂರು ಉಳಿದರೆ ಹೆಚ್ಚು. ನೀವು ಕ್ರೆಡಿಟ್ ಕಾರ್ಡ್ ಉಜ್ಜಿದರೆ ಬ್ಯಾಂಕಿನವರು ಹೆಚ್ಚುಕಮ್ಮಿ ಇನ್ನೂರು ಹಿಡಿದುಕೊಂಡು ಉಳಿದದ್ದನ್ನು ನನ್ನ ಖಾತೆಗೆ ಹಾಕುತ್ತಾರೆ. ಮೆಷಿನ್ ಬಾಡಿಗೆ ಬೇರೆ. ಇನ್ನೊಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟು ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಚೀಟಿ ಅಂಟಿಸಿದ್ದರು, ನೆನಪಿದೆಯಾ? ನೀವು ಗುಂಪು ಕಟ್ಟಿಕೊಂಡು ಜಗಳಕ್ಕೆ ಬಂದರೆ ಮೆಷಿನ್ನೂ ಡ್ರಾಯರ್ ಒಳಗೆ ಹೋಗುತ್ತದೆ.

ಪಾರ್ಕ್ ಎದುರು, ಮನೆ 2
ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ. ಅಂಗಡಿಯವರಿಂದ ಬ್ಯಾಂಕು ಹಿಡಿಯುವ ಈ ದುಡ್ಡಿಗೆ ಎಂಡಿಆರ್ ಅನ್ನುತ್ತಾರೆ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿನ ಸಣ್ಣ ಅಂಗಡಿಗೆ ಶೇ. 0.40, ದೊಡ್ಡವರಿಗೆ ಶೇ. 0.90. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಸೊನ್ನೆ. ಈಗ ಲೆಕ್ಕ ಹಾಕಿ. 38,000ದ ಫ್ರಿಜ್ಜಿಗೆ ಡೆಬಿಟ್ ಕಾರ್ಡ್ ಉಜ್ಜಿದರೆ ದೊಡ್ಡ ಅಂಗಡಿಗೂ 342 ರೂಪಾಯಿ, ಜಿಎಸ್‌ಟಿ ಸೇರಿದರೆ 404. ಎರಡು ಪರ್ಸೆಂಟ್ ಲೆಕ್ಕದಲ್ಲಿ ಗಿರಾಕಿಯಿಂದ ಕಿತ್ತುಕೊಳ್ಳುವುದು 760. ಇದು ಖರ್ಚು ವಸೂಲಿ ಅಲ್ಲ, ವ್ಯಾಪಾರ! ಡೆಬಿಟ್ ಕಾರ್ಡಿಗೆ ಗಿರಾಕಿಯಿಂದ ಹೀಗೆ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ.
ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಮೊಬೈಲ್ ಅಂಗಡಿಯವರ ಸಂಕಟ ನಿಜ. ಆದರೂ ಮೆಷಿನ್ ಕೊಟ್ಟ ಬ್ಯಾಂಕಿನ ಒಪ್ಪಂದದಲ್ಲಿ ಗಿರಾಕಿಯಿಂದ ಜಾಸ್ತಿ ಕೇಳಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ಸಹಿ ಹಾಕುವಾಗ ಯಾರು ಓದುತ್ತಾರೆ ಹೇಳಿ.

6ನೇ ಕ್ರಾಸ್, ಮನೆ 22
ಆಸ್ಟ್ರೇಲಿಯಾದಲ್ಲಿ 2003ರಲ್ಲಿ ಅಂಗಡಿಯವರು ಕಾರ್ಡಿಗೆ ಜಾಸ್ತಿ ಕೇಳಬಹುದು ಅಂತ ಬಿಟ್ಟರು. ಬ್ರಿಟನ್ನಿನಲ್ಲಿ 2018ರಲ್ಲಿ ಕೇಳುವಂತಿಲ್ಲ ಅಂದರು. ಅಲ್ಲಿನವರಿಗೇ ಒಂದು ತೀರ್ಮಾನ ಇಲ್ಲ.

2ನೇ ಕ್ರಾಸ್, ಮನೆ 31
ಹಾಗಾದರೆ ಡೆಬಿಟ್ ಕಾರ್ಡಿನವರ ಪರ ನಾನೂ ಬರುತ್ತೇನೆ. ಅದು ಅವರದೇ ದುಡ್ಡು, ಸಾಲ ಅಲ್ಲ.

3ನೇ ಕ್ರಾಸ್, ಮನೆ 18
ಸರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಣೇಶನ ಗುಡಿ ಹತ್ತಿರ ಸೇರೋಣ. ಐದಾರು ಜನ ಸಾಕು, ಮೆರವಣಿಗೆ ಬೇಡ. ಡೆಬಿಟ್ ಕಾರ್ಡಿಗೆ ಒಂದು ಪೈಸೆ ಜಾಸ್ತಿ ಕೇಳಬಾರದು, ಇದರಲ್ಲಿ ರಾಜಿ ಇಲ್ಲ. ಕ್ರೆಡಿಟ್ ಕಾರ್ಡಿಗೂ ಕೇಳಬಾರದು ಅಂತಲೇ ನನ್ನ ವಾದ. ಗುಂಪಿನಲ್ಲಿ ಒಮ್ಮತ ಇಲ್ಲದ ಕಾರಣ ಇಷ್ಟನ್ನಾದರೂ ಕೇಳೋಣ: ರೇಟು ಮಾತಾಡುವಾಗಲೇ ಬಾಯಿಬಿಟ್ಟು ಹೇಳಲಿ, ಕಾರ್ಡ್ ಉಜ್ಜಿದಷ್ಟೇ ದುಡ್ಡಿಗೆ ಬಿಲ್ ಕೊಡಲಿ. ನಗದು ಕೊಡುವವರಿಗೆ ಡಿಸ್ಕೌಂಟ್ ಕೊಡುತ್ತೇವೆ ಅಂದರೆ ಆಂಟಿಗೂ ಖುಷಿ, ನನಗೂ ತಕರಾರಿಲ್ಲ.
ಒಪ್ಪದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಬರೆಯೋಣ. ಅಂಗಡಿಯ ಮೇಲಿನ ದೂರಿಗೆ ಗ್ರಾಹಕರ ಸಹಾಯವಾಣಿ 1915 ಇದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ.

5ನೇ ಮೇನ್, ಮನೆ 9
ನಾನೂ ಬರುತ್ತೇನೆ. ನಾನು ಮಾತಾಡಿದರೆ ಅವರು ಕೇಳಿಸಿಕೊಳ್ಳುತ್ತಾರೆ. ಆದರೆ ಬ್ಯಾಂಕಿನವರನ್ನೂ ಬೈಯುತ್ತೇನೆ, ಆಗ ತಡೆಯಬೇಡಿ.

7ನೇ ಕ್ರಾಸ್, ಮನೆ 4
ನನ್ನ ಹತ್ತಿರ ಸ್ಲಿಪ್ ಇಲ್ಲ. ದುಡ್ಡು ಕಟ್ ಆದ ಮೆಸೇಜ್ ಇದೆ. ಸಾಕಾ?

3ನೇ ಕ್ರಾಸ್, ಮನೆ 18
ಸಾಕು ಮೇಡಂ, ಬಿಲ್ ಜೊತೆಗಿರಲಿ. ಆದರೆ ಗುಂಪಿಗೆ ಹಾಕಬೇಡಿ. ಬ್ಯಾಲೆನ್ಸ್ ಮುಚ್ಚಿ ನನಗೊಬ್ಬನಿಗೇ ಕಳಿಸಿ.