ಎಡಗೈಯ ಮೂರೇ ಬೆರಳುಗಳಲ್ಲಿ ಇಸಬು: ಸೋಪಿನ ದೋಷವೇ?

ಪ್ರಶ್ನೆ:
ನಾನು ಊಟದ ಮೆಸ್ ನಡೆಸುತ್ತೇನೆ. ನಾಲ್ಕು ತಿಂಗಳಿಂದ ಎಡಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನ ತುದಿಯ ಚರ್ಮ ದಪ್ಪವಾಗಿ, ಒಣಗಿ, ಸೀಳುತ್ತಿದೆ. ಹುಣಸೆಹಣ್ಣು ಕಿವುಚುವಾಗ ಕಣ್ಣಲ್ಲಿ ನೀರು ಬರುವಷ್ಟು ಉರಿಯಾಗುತ್ತದೆ. ಪಾತ್ರೆ ತೊಳೆಯುವ ಸೋಪನ್ನು ಎರಡು ಸಲ ಬದಲಾಯಿಸಿದೆ. ಔಷಧದಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ವಾರದಲ್ಲಿ ಇಳಿಯುತ್ತದೆ, ಬಿಟ್ಟರೆ ಮರುಕಳಿಸುತ್ತದೆ. ಬಲಗೈಗೆ ಮಾತ್ರ ಏನೂ ಆಗಿಲ್ಲ.

ಉತ್ತರ 1:
ಸೋಪು ಮುಖ್ಯ ಕಾರಣವಾಗಿದ್ದರೆ ಸಾಮಾನ್ಯವಾಗಿ ಎರಡೂ ಕೈಗಳು ಕೆಡುತ್ತಿದ್ದವು. ಬಲಗೈಯಲ್ಲಿ ಚಾಕು ಹಿಡಿಯುವವರು ಬೆಳ್ಳುಳ್ಳಿಯ ಎಸಳನ್ನು ಹಿಡಿಯುವುದು ನೀವು ಹೇಳಿದ ಆ ಮೂರು ಬೆರಳುಗಳಿಂದಲೇ. ಅದರಲ್ಲಿರುವ ಡೈಅಲೈಲ್ ಡೈಸಲ್ಫೈಡ್ ಎಂಬ ಗಂಧಕದ ಸಂಯುಕ್ತವು ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ, ಮತ್ತು ಅದು ಸಾಮಾನ್ಯ ರಬ್ಬರ್ ಕೈಗವಸನ್ನೂ ದಾಟಿ ಒಳಗಿಳಿಯುವುದರಿಂದ ಗವಸು ತೊಟ್ಟರೂ ಪೂರ್ಣ ರಕ್ಷಣೆ ದೊರೆಯದು. ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ: ಅಲರ್ಜಿಯ ಅನುಮಾನವಿರುವ ವಸ್ತುಗಳನ್ನು ಹಚ್ಚಿ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ.

ಉತ್ತರ 2:
ಬೆಳ್ಳುಳ್ಳಿಯ ಮಾತು ಸರಿಯೆನಿಸುತ್ತದೆ, ಆದರೆ ಸೋಪನ್ನು ಪೂರ್ತಿ ನಿರಪರಾಧಿ ಎನ್ನಲಾರೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಒದ್ದೆಯಾಗಿರುವ ಕೈಯ ಚರ್ಮದಿಂದ ಜಿಡ್ಡಿನ ಅಂಶ ತೊಳೆದುಹೋಗಿ, ಉಳಿದ ಕಿರಿಕಿರಿಕಾರಕಗಳು ಒಳನುಗ್ಗಲು ದಾರಿಯಾಗುತ್ತದೆ. ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರು ಬಳಸಿ, ಉಂಗುರವನ್ನು ತೆಗೆದಿಡಿ (ಅದರಡಿಯಲ್ಲಿ ಸೋಪು ಉಳಿಯುತ್ತದೆ), ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಗವಸು, ಮೇಲೆ ರಬ್ಬರ್ ಗವಸು ಧರಿಸಿ, ಕೈ ಒರೆಸಿಕೊಂಡ ಕೂಡಲೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಿ. ನನಗೆ ಆತಂಕವಿರುವುದು ಆ ಮುಲಾಮಿನ ಬಗ್ಗೆ. ಅದರಲ್ಲಿ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧ) ಇರಬಹುದು. ಒಂದೇ ಕೈಯಲ್ಲಿ ಕಾಣಿಸುವ ತೊಂದರೆ ಶಿಲೀಂಧ್ರದ ಸೋಂಕೂ ಆಗಿರಬಹುದಾದ್ದರಿಂದ, ಸ್ಟೀರಾಯ್ಡ್ ಅದನ್ನು ಮರೆಮಾಚಿ ಒಳಗೊಳಗೇ ಬೆಳೆಸುತ್ತದೆ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ದಿನವೂ ಸಂಜೆ ಒಂದು ಕಿಲೋ ಬೆಳ್ಳುಳ್ಳಿ ಸುಲಿಯುವವಳು ನಾನೇ, ಹಿಡಿಯುವುದು ಎಡಗೈಯಲ್ಲೇ. ಮುಲಾಮಿನ ಟ್ಯೂಬನ್ನು ವೈದ್ಯರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಸುಲಿಯುವ ಕೆಲಸವನ್ನು ತಮ್ಮನಿಗೆ ವಹಿಸಿದ್ದೇನೆ. ಅವನು ಎಡಚ, ಆದ್ದರಿಂದ ಅವನ ಬಲಗೈಯ ಮೇಲೆ ಕಣ್ಣಿಟ್ಟಿರುತ್ತೇನೆ.